ವಲೆಟ್ಟಾ, ಬಿರ್ಗು ಕೋಟೆ ನೋಡಲು ಅಪ್ಪ-ಅಮ್ಮನ ಜೊತೆ ಮಾಲ್ಟಾಗೆ: ಎಲ್ಲಿ ಉಳಿಯೋದು, ಏನು ನೋಡೋದು?

ದುರ್ಗದವಳು
ಎಲ್ಲರಿಗೂ ನಮಸ್ಕಾರ. ತಮ್ಮ ಮಾಲ್ಟಾದಲ್ಲಿ ನರ್ಸ್ ಆಗಿದ್ದಾನೆ, ಬನ್ನಿ ಬನ್ನಿ ಅಂತ ಒಂದೇ ಸಮನೆ ಕರೆಯುತ್ತಿದ್ದಾನೆ. ಅಕ್ಟೋಬರಿನಲ್ಲಿ ಅಪ್ಪ-ಅಮ್ಮನನ್ನು ಕರೆದುಕೊಂಡು ಹೊರಡುವ ಯೋಚನೆ ಇದೆ. ಅಪ್ಪ ಹಿಸ್ಟರಿ ಮೇಷ್ಟ್ರು, ನಮ್ಮ ಚಿತ್ರದುರ್ಗದ ಕೋಟೆಯ ಒಂದೊಂದು ಬಾಗಿಲು, ಬತೇರಿ, ಹೊಂಡವನ್ನೂ ಮಕ್ಕಳಿಗೆ ತೋರಿಸಿಕೊಂಡೇ ಸರ್ವಿಸ್ ಮುಗಿಸಿದವರು. ಹಾಗಾಗಿ ಬೀಚು, ಶಾಪಿಂಗ್ ಯಾವುದೂ ಬೇಡ. ಬಂದರಿನ ಕೋಟೆಗಳನ್ನೇ ನಿಧಾನವಾಗಿ ನೋಡಬೇಕು. ತಮ್ಮನ ರೂಮಿನಲ್ಲಿ ಜಾಗ ಇಲ್ಲ. ರಾಜಧಾನಿ ವಲೆಟ್ಟಾದಲ್ಲಿ ಉಳಿಯೋದು ಒಳ್ಳೇದಾ, ಎದುರು ದಡದ ಬಿರ್ಗುವಿನಲ್ಲಾ? ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಜಾಸ್ತಿ ಹತ್ತೋಕಾಗಲ್ಲ. ಮೂವರೂ ಸಸ್ಯಾಹಾರಿಗಳು. ಹೋಗಿ ಬಂದವರು ದಯವಿಟ್ಟು ಹೇಳಿ.

ಬೆಣ್ಣೆನಗರಿ
ಅಕ್ಕ, ಮೊದಲು ವೀಸಾ ಕೆಲಸ ಮುಗಿಸಿ. ಮಾಲ್ಟಾಗೂ ಷೆಂಗೆನ್ ವೀಸಾನೇ, ದೊಡ್ಡವರಿಗೆ 90 ಯೂರೋ ಫೀಸು. ಹೊರಡುವ 6 ತಿಂಗಳ ಮುಂಚಿನಿಂದಲೇ ಅರ್ಜಿ ಹಾಕಬಹುದು, ಕೊನೆ 15 ದಿನದವರೆಗೆ ಎಳೆಯುವ ಹಾಗಿಲ್ಲ. 30,000 ಯೂರೋ ಕವರ್ ಇರುವ ಟ್ರಾವೆಲ್ ಇನ್ಶೂರೆನ್ಸ್ ಕಡ್ಡಾಯ. ವಯಸ್ಸಾದವರಿಗೆ ಮಾಡಿಸುವಾಗ ಮೊದಲಿನಿಂದ ಇರುವ ಕಾಯಿಲೆಗೂ ಕವರ್ ಇದೆಯಾ ಅಂತ ಓದಿ ನೋಡಿ.

ಊಟದ ಚಿಂತೆ ಬೇಡ. ಅಲ್ಲಿ ಪಸ್ಟಿಟ್ಸಿ ಅಂತ ಪದರ ಪದರವಾದ ತಿಂಡಿ ಬೀದಿ ಬೀದಿಯಲ್ಲೂ ಸಿಗುತ್ತದೆ. ಒಳಗೆ ರಿಕೋಟಾ ಚೀಸ್ ಇಲ್ಲವೇ ಬಟಾಣಿ ತುಂಬಿರುತ್ತಾರೆ. ಬಟಾಣಿಯದ್ದು ಸಸ್ಯಾಹಾರ ಅಂತ ಸುಮ್ನೆ ತಿನ್ನಬೇಡಿ, ಕೆಲವು ಕಡೆ ಹಿಟ್ಟಿಗೆ ಹಂದಿ ಕೊಬ್ಬು ಸೇರಿಸುತ್ತಾರೆ, ಕೇಳಿಯೇ ತೆಗೆದುಕೊಳ್ಳಿ. ಇಂಗ್ಲಿಷ್ ಎಲ್ಲರಿಗೂ ಬರುತ್ತದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ಯಿರಿ. ತುಪ್ಪ, ಪೇಡ ಬೇಡ. ಹೊರಗಿನಿಂದ ಹಾಲಿನ ಪದಾರ್ಥ ತರಲು ಯುರೋಪಿನವರು ಬಿಡುವುದಿಲ್ಲ.

ಜೋಗಿಮಟ್ಟಿ
ಮೇಡಂ, ನನ್ನ ಓಟು ಬಿರ್ಗುಗೆ. ನಿಮ್ಮ ತಂದೆಯವರಂಥವರಿಗೆ ಕಥೆ ಶುರುವಾಗುವುದೇ ಅಲ್ಲಿ. ರೋಡ್ಸ್ ದ್ವೀಪವನ್ನು ತುರ್ಕರಿಗೆ ಕಳೆದುಕೊಂಡ ಸೇಂಟ್ ಜಾನ್ ಪಂಗಡದ ನೈಟರು (ಕ್ರೈಸ್ತ ಯೋಧರ ಧಾರ್ಮಿಕ ಪಂಗಡ) 1530ರಲ್ಲಿ ಮಾಲ್ಟಾಗೆ ಬಂದು ನೆಲೆ ನಿಂತಿದ್ದು ಬಿರ್ಗುವಿನಲ್ಲಿ. ಆಗ ವಲೆಟ್ಟಾ ಊರೇ ಇರಲಿಲ್ಲ, ಬೋಳು ಗುಡ್ಡ, ಅಷ್ಟೇ. ಅದರ ತುದಿಯಲ್ಲಿ ಸೇಂಟ್ ಎಲ್ಮೋ ಕೋಟೆ ಕಟ್ಟಿದ್ದೂ ಆಮೇಲೆ, 1552ರಲ್ಲಿ. 1565ರ ಮೇನಲ್ಲಿ ತುರ್ಕರ ನೌಕಾಪಡೆ ಬಂತು. ಕೆಲವೇ ದಿನದಲ್ಲಿ ಬೀಳುತ್ತದೆ ಅಂದುಕೊಂಡಿದ್ದ ಎಲ್ಮೋ ಜೂನ್ 23ರವರೆಗೆ ನಿಂತಿತು. ಬಿರ್ಗು ತುದಿಯ ಸೇಂಟ್ ಏಂಜೆಲೋ ಕೋಟೆಯಿಂದ ಎದುರಿನ ಸೆಂಗ್ಲಿಯಾವರೆಗೆ ನೀರಿಗೆ ಅಡ್ಡಲಾಗಿ ಕಬ್ಬಿಣದ ಸರಪಳಿ ಕಟ್ಟಿದ್ದರು. ಏಂಜೆಲೋ ಫಿರಂಗಿಗಳ ಮುಂದೆ ಬಂದರಿನ ಬಾಯಿಯಿಂದ ಒಳಗೆ ಬರೋಕಾಗದೆ ತುರ್ಕರು ಗುಡ್ಡದ ಆಚೆ ಬದಿಯ ಬಂದರಿನಿಂದ ದೋಣಿಗಳನ್ನು ಗುಡ್ಡದ ಮೇಲೆ ಎಳೆದುಕೊಂಡು ಹೋಗಿ ಈಚೆ ಬಂದರಿಗೆ ಇಳಿಸಿದರು! ಆದರೂ ಗೆಲ್ಲಲಿಲ್ಲ, ಸೆಪ್ಟೆಂಬರಿನಲ್ಲಿ ಮುತ್ತಿಗೆ ಎತ್ತಿ ಹೊರಟರು. ಸೆಪ್ಟೆಂಬರ್ 8 ಇವತ್ತಿಗೂ ಅಲ್ಲಿ ಸರ್ಕಾರಿ ರಜೆ. ಏಂಜೆಲೋ ಕೋಟೆಯ ಮೇಲೆ ನಿಂತರೆ ಇದಿಷ್ಟೂ ನಡೆದ ಜಾಗ ಕಣ್ಣ ಮುಂದೆಯೇ ಇರುತ್ತದೆ, ಯಾವ ಗೈಡೂ ಬೇಕಿಲ್ಲ.

ಬಿರ್ಗು ಊರಿನ ಬಾಗಿಲಿಗೆ ನಡೆದೇ ಹೋಗಿ. ಒಂದರ ಹಿಂದೆ ಒಂದು ಮೂರು ಬಾಗಿಲು, ನೇರ ನುಗ್ಗೋಕಾಗದ ಹಾಗೆ ತಿರುವು ಕೊಟ್ಟು ಕಟ್ಟಿದ್ದಾರೆ. ದುರ್ಗದ ಬಾಗಿಲುಗಳಲ್ಲಿ ತಿರುಗಿ ತಿರುಗಿ ಹತ್ತಿದವರಿಗೆ ಅದು ಯಾಕೆ ಅಂತ ಹೇಳಿಕೊಡಬೇಕಾಗಿಲ್ಲ. ಗೋಡೆಗಳು ಮಾತ್ರ ಬೇರೆ ಥರ. ನಮ್ಮದು ಗಟ್ಟಿ ಕಣಶಿಲೆ, ಬಂಡೆಗೆ ಬಂಡೆ ಸೇರಿಸಿದ್ದು. ಅಲ್ಲಿಯದು ಜೇನಿನ ಬಣ್ಣದ ಮೆತ್ತನೆ ಸುಣ್ಣಕಲ್ಲು. ಹತ್ತಿರ ಹೋಗಿ ನೋಡಿ, ಸಮುದ್ರದ ಉಪ್ಪುಗಾಳಿಗೆ ಕಲ್ಲಿನ ಮೈ ತೂತು ತೂತಾಗಿ, ನಡುವಿನ ಗಾರೆ ಮಾತ್ರ ಅಂಚಿನ ಹಾಗೆ ಹೊರಗೆ ಉಳಿದಿರುತ್ತದೆ. ಅಂಥ ಕಲ್ಲಿನಲ್ಲಿ ಫಿರಂಗಿಗೆ ತಡೆಯೊಡ್ಡಬೇಕಾದ್ದರಿಂದ ಗೋಡೆ ತುಂಬಾ ದಪ್ಪ, ಹೊರಮೈ ಇಳಿಜಾರು, ಬತೇರಿಗಳು ಚೂಪು ಮೂತಿಯವು. ಪಕ್ಕದ ಬತೇರಿಯಿಂದ ಗುಂಡು ಹಾರಿಸಿದರೆ ಗೋಡೆಯ ಬುಡದಲ್ಲಿ ಶತ್ರು ಅಡಗೋಕೆ ಒಂದು ಮೂಲೆಯೂ ಸಿಗಬಾರದು, ಆ ಲೆಕ್ಕ.

ದುರ್ಗದವಳು
ಸರ್, ಅಪ್ಪನಿಗೆ ಓದಿ ಹೇಳಿದೆ, ತುಂಬಾ ಖುಷಿಪಟ್ಟರು. ತಕ್ಷಣ ಕೇಳಿದ ಪ್ರಶ್ನೆ: ಅಷ್ಟು ಜನಕ್ಕೆ ಕುಡಿಯೋ ನೀರು ಎಲ್ಲಿಂದ? ಇಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕ-ತಂಗಿ ಹೊಂಡಕ್ಕೆ ಹರಿಯುವುದನ್ನು ತೋರಿಸದೆ ಅವರು ಯಾರನ್ನೂ ಕೋಟೆಯಿಂದ ಕೆಳಗಿಳಿಸಿದವರಲ್ಲ.

ಜೋಗಿಮಟ್ಟಿ
ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದಾರೆ, ಮೇಷ್ಟ್ರಿಗೆ ನನ್ನ ನಮಸ್ಕಾರ ತಿಳಿಸಿ. ಮಾಲ್ಟಾದಲ್ಲಿ ನದಿಯೇ ಇಲ್ಲ. ಮಳೆನೀರನ್ನು ಕಲ್ಲು ಕೊರೆದ ತೊಟ್ಟಿಗಳಲ್ಲಿ ಹಿಡಿದಿಡುತ್ತಿದ್ದರು. ಮುತ್ತಿಗೆ ಮುಗಿದ ಮೇಲೆ, 1566ರ ಮಾರ್ಚ್ 28ರಂದು ವಲೆಟ್ಟಾಗೆ ಅಡಿಗಲ್ಲು ಹಾಕಿದರು. ನಕ್ಷೆ ಮಾಡಿದವನು ಇಟಲಿಯ ಎಂಜಿನಿಯರ್ ಲಾಪರೆಲ್ಲಿ. ಅಲ್ಲಿ ಮನೆ ಕಟ್ಟುವವರು ಕೆಳಗೆ ನೀರಿನ ತೊಟ್ಟಿ ಮಾಡಿಸಲೇಬೇಕು ಅಂತ ಕಾನೂನೇ ಇತ್ತು. ಅದೂ ಸಾಲದೆ 1610ರಿಂದ 1615ರವರೆಗೆ ಸುಮಾರು 16 ಕಿಲೋಮೀಟರ್ ಮೇಲ್ಗಾಲುವೆ ಕಟ್ಟಿ ಒಳನಾಡಿನಿಂದ ನೀರು ತಂದರು. ಅದರ ಕಮಾನುಗಳು ಈಗಲೂ ರಸ್ತೆ ಪಕ್ಕದಲ್ಲಿ ನಿಂತಿವೆ, ಬಸ್ಸಿನಲ್ಲಿ ಕೂತೇ ನೋಡಬಹುದು. 1565ರಲ್ಲಿ ತುರ್ಕರು ಬರುವ ಮುಂಚೆ ಬಂದರಿನ ಒಳತುದಿಯ ಮಾರ್ಸಾದ ಒರತೆಗಳನ್ನು, ಅವರಿಗೆ ನೀರು ಸಿಗಬಾರದು ಅಂತ, ನೈಟರೇ ಕೆಡಿಸಿಟ್ಟಿದ್ದರಂತೆ. ಕೋಟೆ ನೋಡಲು ಬರುವವರು ಫಿರಂಗಿ ಮುಂದೆ ಫೋಟೋ ತೆಗೆಸಿಕೊಂಡು ಹೊರಟುಬಿಡುತ್ತಾರೆ, ನೀರಿನ ವಿಷಯ ಕೇಳುವವರು ಕಡಿಮೆ. ನನಗೆ ಅದು ಬೇಜಾರು. ಗೋಡೆ ಎಷ್ಟು ದಪ್ಪ ಇದ್ದರೇನು, ತೊಟ್ಟಿ ಖಾಲಿಯಾದರೆ ಕೋಟೆ ಬಿತ್ತು ಅಂತಲೇ ಲೆಕ್ಕ ಅಲ್ವಾ?

ಹರಿಹರದವ
ಉಳಿಯುವ ವಿಷಯದಲ್ಲಿ ನಾನು ಒಪ್ಪಲ್ಲ. ಅಮ್ಮನ ಮಂಡಿ ನೋಡಿದರೆ ವಲೆಟ್ಟಾನೇ ಸರಿ. ದ್ವೀಪದ ಬಹಳಷ್ಟು ಬಸ್ಸು ಹೊರಡುವ ದೊಡ್ಡ ಸ್ಟ್ಯಾಂಡು ಊರ ಬಾಗಿಲ ಹೊರಗೇ ಇದೆ. ಆದರೆ ರೂಮು ಮಾತ್ರ ಬಾಗಿಲ ಕಡೆಯ ಮೇಲಿನ ಬೀದಿಗಳಲ್ಲಿ ಹಿಡಿಯಿರಿ. ಅಡ್ಡ ಬೀದಿಗಳು ಸಮುದ್ರದ ಕಡೆ ಜೋರು ಇಳಿಜಾರು, ಕೆಲವಂತೂ ಬರೀ ಮೆಟ್ಟಿಲು. ಬಿರ್ಗುಗೆ ಹೋಗೋಕೆ ಅಪ್ಪರ್ ಬರಾಕ್ಕಾ ತೋಟದಿಂದ 58 ಮೀಟರ್ ಎತ್ತರದ ಲಿಫ್ಟ್ ಇದೆ, 2012ರಲ್ಲಿ ಹಾಕಿದ್ದು. ಅದರಲ್ಲಿ ಇಳಿದು ರಸ್ತೆ ದಾಟಿದರೆ ದೋಣಿ. ಫೆರ್ರಿ ಬಿಟ್ಟು ಡೈಸಾ ಅನ್ನೋ ಸಣ್ಣ ಬಣ್ಣದ ದೋಣಿಯಲ್ಲಿ ಹೋಗಿ, ಗೋಡೆಗಳ ಎತ್ತರ ಗೊತ್ತಾಗುವುದು ನೀರಿನ ಮೇಲಿಂದಲೇ. ಅಮ್ಮನನ್ನು ಹತ್ತಿಸುವಾಗ ಮಾತ್ರ ಕೈ ಹಿಡಿದುಕೊಳ್ಳಿ, ದೋಣಿ ಅಲ್ಲಾಡುತ್ತದೆ. ಮಧ್ಯಾಹ್ನ 12ಕ್ಕೆ ತೋಟದ ಕೆಳಗಿನ ಸಾಲಿನಲ್ಲಿ ಫಿರಂಗಿ ಹಾರಿಸುತ್ತಾರೆ, ಅಮ್ಮ ಬೆಂಚಿನ ಮೇಲೆ ಕೂತೇ ನೋಡಬಹುದು.

ಸೇಂಟ್ ಜಾನ್ ಚರ್ಚನ್ನು ಬಿಡಬೇಡಿ. ಇಟಲಿಯ ಚಿತ್ರಕಾರ ಕರವಾಜ್ಜೋ 1608ರಲ್ಲಿ ಬರೆದ ದೊಡ್ಡ ಚಿತ್ರ ಅಲ್ಲೇ ಇದೆ. ನೆಲದ ತುಂಬಾ ಅಮೃತಶಿಲೆಯ ಸಮಾಧಿಕಲ್ಲುಗಳು, ಚೂಪು ಹಿಮ್ಮಡಿಯ ಚಪ್ಪಲಿ ಹಾಕಿದ್ದರೆ ಒಳಗೆ ಬಿಡಲ್ಲ.

ದುರ್ಗದವಳು
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವಲೆಟ್ಟಾದಲ್ಲಿ ಬಾಗಿಲ ಹತ್ತಿರವೇ ರೂಮು ನೋಡುತ್ತೇನೆ. ಅಮ್ಮ ತೋಟದಲ್ಲಿ ಕೂರುವ ದಿನ ಅಪ್ಪನೂ ನಾನೂ ಇಡೀ ದಿನ ಬಿರ್ಗುವಿನಲ್ಲಿರುತ್ತೇವೆ. ಜೋಗಿಮಟ್ಟಿ ಸರ್, ಆ ಮೇಲ್ಗಾಲುವೆಯ ಕಮಾನು ಕಾಣೋದು ಯಾವ ಊರಿನ ಹತ್ತಿರ?

ಜೋಗಿಮಟ್ಟಿ
ಬಿರ್ಕಿರ್ಕಾರಾ, ಸಾಂತಾ ವೆನೆರಾ. ವಲೆಟ್ಟಾದಿಂದ ಹತ್ತಿರವೇ. ತಮ್ಮನಿಗೆ ಹೇಳಿದರೆ ಸಾಕು, ಅಲ್ಲಿರುವವರಿಗೆಲ್ಲ ಗೊತ್ತಿರುತ್ತದೆ.