ಅಪ್‌ಡೇಟ್: ಬಂಪರ್‌ಗೆ ತೂತು ಕೊರೆಯದೆ ನಂಬರ್ ಪ್ಲೇಟ್ ಕೂರಿಸಿದ್ದು

ಹೊಸದಾಗಿ ಹಾಕಿಸಿದ ಮುಂದಿನ ಬಂಪರ್‌ಗೆ ತೂತು ಕೊರೆಯದೆ, ಸ್ಕ್ರೂ ಬಿಗಿಯದೆ ಕೆಎಲ್ 14ರ (ಕಾಸರಗೋಡು ನೋಂದಣಿಯ) ನಂಬರ್ ಪ್ಲೇಟನ್ನು ಕೂರಿಸುವ ದಾರಿಯನ್ನು ಕಳೆದ ತಿಂಗಳು ಕೇಳಿದ್ದೆ. ಹೆಚ್ಚಿನವರು ಎರಡೂ ಬದಿ ಅಂಟುವ ಫೋಮ್ ಟೇಪನ್ನು ಸೂಚಿಸಿದ್ದರು. ಅದರಂತೆ ಬಂಪರನ್ನು ಜಿಡ್ಡು ತೆಗೆಯುವ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಟೇಪ್ ಒತ್ತಿ, ಒಂದು ದಿನ ಗಾಡಿಯನ್ನು ಹೊರಗೆ ತೆಗೆಯದೆ ಬಿಟ್ಟೆ. ಆದರೆ 500 ಮಿ.ಮೀ. ಉದ್ದದ ಚಪ್ಪಟೆ ಪ್ಲೇಟು ಬಾಗಿದ ಬಂಪರ್‌ನ ಮೇಲೆ ನಡುವಿನಲ್ಲಷ್ಟೇ ತಾಗಿ, ತುದಿಗಳಲ್ಲಿ ಸೆಟೆದು ನಿಲ್ಲುತ್ತಿತ್ತು. ಕಾಸರಗೋಡಿನ ಮಳೆ ಹಿಡಿದ ಎರಡನೆಯ ವಾರಕ್ಕೆ ಎಡಮೂಲೆಯ ಟೇಪು ಹಪ್ಪಳದಂತೆ ಎದ್ದಿತು.

ಉಪ್ಪಳದ ಗ್ಯಾರೇಜಿನವರು ಬೇರೆ ದಾರಿ ತೋರಿಸಿದರು. ಬಂಪರ್‌ನ ಕೆಳಗಿನ ಗಾಳಿಜಾಲರಿಯ ಹಿಂದೆ ಎರಡು ಅಲ್ಯೂಮಿನಿಯಂ ಪಟ್ಟಿಗಳನ್ನು ಇಟ್ಟು, ಜಾಲರಿಯ ಸಂದಿಯ ಮೂಲಕವೇ ಅದರ ಮುಂದೆ ಇಟ್ಟ ನಂಬರ್ ಪ್ಲೇಟಿನ ಫ್ರೇಮಿಗೆ ಬೋಲ್ಟ್ ಬಿಗಿದು, ಪ್ಲೇಟನ್ನು ಮರುಬಳಕೆಗೆ ಬಾರದ ಸ್ನ್ಯಾಪ್ ಲಾಕ್‌ನಿಂದ (ಒಮ್ಮೆ ಕೂರಿಸಿದರೆ ಮುರಿಯದೆ ಬಿಚ್ಚಲಾಗದ ಕೀಲು) ಆ ಫ್ರೇಮಿಗೇ ಸೇರಿಸಿದರು. ಸ್ಕ್ರೂ ಬೇಡವೆಂಬ ನನ್ನ ಹಟ ಪೂರ್ತಿ ಉಳಿಯಲಿಲ್ಲವಾದರೂ ಬಂಪರ್‌ಗೆ ಒಂದು ತೂತೂ ಬಿದ್ದಿಲ್ಲ. ಅತಿಸುರಕ್ಷಾ (ಎಚ್‌ಎಸ್‌ಆರ್‌ಪಿ) ಪ್ಲೇಟಿಗೆ ಈ ಲಾಕ್ ನಿಯಮದಲ್ಲೇ ಇರುವುದರಿಂದ ಬರಿಯ ಟೇಪು ಹೇಗೂ ಸಾಲುತ್ತಿರಲಿಲ್ಲ. ಪಟ್ಟಿಗಳು ಜಾಲರಿಗೆ ಉಜ್ಜದಂತೆ ಎರಡರ ನಡುವೆ ಹಳೆಯ ಟ್ಯೂಬಿನ ರಬ್ಬರನ್ನು ನಾನೇ ಕತ್ತರಿಸಿ ಇಟ್ಟಿದ್ದೇನೆ.