ಹತ್ಮೀನು: ಬಿಡಿಸಿ ಬರೆಯೋದಾ, ಕೂಡಿಸಿ ಬರೆಯೋದಾ?

'ರಾತ್ರಿ ಗದ್ದೆಗೆ ಹತ್ತುಮೀನು ಬಂದಿತ್ತು' ಅಂತ ಒಂದು ಪತ್ರಿಕೆಗೆ ಬರೆದು ಕಳಿಸಿದ್ದೆ. ಅಚ್ಚಾಗಿ ಬಂದಾಗ 'ಹತ್ತು ಮೀನುಗಳು ಬಂದಿದ್ದವು' ಆಗಿತ್ತು. ತಿದ್ದಿದವರಿಗೆ ಪದ ಗೊತ್ತಿರಲಿಲ್ಲ. ನನಗೆ ಮಾತ್ರ ತುಂಬಾ ಬೇಜಾರಾಯಿತು.

ನಮ್ಮ ತೀರ್ಥಹಳ್ಳಿ ಕಡೆ ಇಲ್ಲಿನ 'ಹತ್ತು' ಎಣಿಕೆಯದಲ್ಲ, ಏರುವುದು. ಜೂನ್‌ನಲ್ಲಿ ಮೃಗಶಿರೆ, ಆರಿದ್ರೆ ಮಳೆ ಹಿಡಿದು ಹೊಳೆ ಕೆಂಪಾದರೆ, ಮೊಟ್ಟೆ ಇಡಲು ಮೀನು ಹಳ್ಳ ಹತ್ತುತ್ತದೆ. ಹಳ್ಳದಿಂದ ಗದ್ದೆಗೆ. ಗದ್ದೆಯಲ್ಲಿ ನೀರು ತೆಳು, ಸೆಳವಿಲ್ಲ, ಮರಿಗಳಿಗೆ ಮೇವು ಜಾಸ್ತಿ. ಚಿಕ್ಕವನಿದ್ದಾಗ ಲಾಟೀನು ಹಿಡಿದು ಅಪ್ಪನ ಹಿಂದೆ ಹೋಗಿದ್ದೆ. ಗದ್ದೆಯಂಚಿನ ಕಂಡಿಯಲ್ಲಿ ನೀರು ಧುಮುಕುತ್ತಿತ್ತು. ಅಲ್ಲೊಂದು ಮೀನು, ಬೆನ್ನು ಪೂರ್ತಿ ಹೊರಗೆ, ಬಾಲ ಪಟಪಟ ಬಡಿದು ನೆಗೆಯುತ್ತಿತ್ತು. ಜಾರಿ ಬೀಳುವುದು, ಮತ್ತೆ ನೆಗೆಯುವುದು. ಅಷ್ಟು ಕಡಿಮೆ ನೀರಿಗೆ ಬಲೆ ಯಾಕೆ, ಕತ್ತಿಯೇ ಸಾಕು. ಹಾಗಾಗಿ 'ಹತ್ಮೀನು ಕಡಿಯೋಕೆ ಹೋಗೋದು' ಅನ್ನುವ ಮಾತು. (ಹೊಟ್ಟೆ ತುಂಬ ಮೊಟ್ಟೆ ಹೊತ್ತು ಬರುವ ಜೀವ. ಕಡಿಯಬಾರದು ಅಂತ ಈಗ ಅನಿಸುತ್ತದೆ.)

ಇದು ಒಂದು ಜಾತಿಯ ಹೆಸರೂ ಅಲ್ಲ. ಮೀಸೆಯ, ಅಗಲ ಬಾಯಿಯ ಬಾಳೆಮೀನು ಗದ್ದೆ ಹತ್ತಿದರೆ ಅದು ಹತ್ಮೀನು. ಹೊಳೆಯಲ್ಲೇ ಉಳಿದರೆ ಬರೀ ಬಾಳೆಮೀನು. ನಿಘಂಟಿಗೆ ಸೇರಿಸುವವರು 'ಒಂದು ಬಗೆಯ ಮೀನು' ಅಂತ ಸುಮ್ನೆ ಬರೆದುಬಿಟ್ಟರೆ ಪದದ ಜೀವವೇ ಹೋಗುತ್ತದೆ.

ಕೂಡಿಸಿಯೇ ಬರೆಯಬೇಕು ಅನ್ನುವುದು ನನ್ನ ವಾದ. ಸುಡುವ ಕಾಡು ಸುಡುಗಾಡು, ಉಡುವ ದಾರ ಉಡುದಾರ. ಶಾಲೆಯಲ್ಲಿ ಗಮಕ ಸಮಾಸ ಅಂತ ಕಲಿತದ್ದು. ಹತ್ತುವ ಮೀನು ಹತ್ತುಮೀನು, ಬಾಯಲ್ಲಿ ಹತ್ಮೀನು.

ಇನ್ನು ನನ್ನ ಪ್ರಶ್ನೆಗಳು. ಈ 'ಹತ್ತು' ಹಳಗನ್ನಡದಲ್ಲಿ 'ಪತ್ತು', ಅಂದರೆ ಅಂಟು, ಹಿಡಿ. ತುಳುವಿನಲ್ಲಿ ಈಗಲೂ 'ಪತ್ತು' ಅಂದರೆ ಹಿಡಿ. ನಮ್ಮ ಬೆಂಕಿ ಹತ್ತುವುದರಲ್ಲೂ ಅಂಟುವ ಅರ್ಥವೇ ಇದೆ. ಅದು ಏರುವ ಅರ್ಥಕ್ಕೆ ಹೇಗೆ ಬಂತು? ಮರ ಹತ್ತುವವನು ಅಪ್ಪಿ ಹಿಡಿದೇ ಏರಬೇಕು, ಅಲ್ವಾ? ಅಲ್ಲಿಂದ ಬಂದಿರಬಹುದೇ?

ಮತ್ತೊಂದು. ನೀರಿನ ಜೊತೆ ಕೆಳಗಿಳಿಯುವಾಗ ಕೂಣಿಗೆ (ಮೀನು ಹಿಡಿಯಲು ನೀರಿಗೆ ಒಡ್ಡುವ ಬುಟ್ಟಿಗೆ) ಬೀಳುವ ಮೀನಿಗೆ ನಮ್ಮ ಮನೆಯಲ್ಲಿ ಬೇರೆ ಹೆಸರಿರಲಿಲ್ಲ. ಸಾಗರ, ಹೊಸನಗರ, ಕೊಪ್ಪದ ಕಡೆಯವರು ಅದಕ್ಕೆ ಏನಂತೀರಿ?