ಕೆಂಪು ಸಮುದ್ರದ ಡೈವಿಂಗ್, ಸಿನಾಯ್ ಬೆಟ್ಟ: ಯಾವುದು ಮೊದಲು?

ಚಿಕ್ಕಬಳ್ಳಾಪುರದಿಂದ ಪ್ರಶ್ನೆ:
ಡಿಸೆಂಬರ್ ಕೊನೆಯಲ್ಲಿ ನಾನು, ನನ್ನ ಪತ್ನಿ ಮತ್ತು 12 ವರ್ಷದ ಮಗ ಈಜಿಪ್ಟಿನ ಶರ್ಮ್ ಎಲ್ ಶೇಖ್‌ಗೆ ಒಂದು ವಾರದ ಮಟ್ಟಿಗೆ ಹೋಗಬೇಕೆಂದಿದ್ದೇವೆ. ಸ್ಕೂಬಾ ಡೈವಿಂಗ್ ಮೂವರಿಗೂ ಹೊಸದು. ಸಮುದ್ರ, ಮರುಭೂಮಿ, ಸಿನಾಯ್ ಬೆಟ್ಟ ಮೂರನ್ನೂ ನೋಡುವ ಆಸೆಯಿದೆ. ಹೋಗಿ ಬಂದವರು ದಿನಗಳನ್ನು ಹೇಗೆ ಹೊಂದಿಸಿಕೊಂಡಿರೆಂದು ದಯವಿಟ್ಟು ತಿಳಿಸಿ.

ಚಿಂತಾಮಣಿಯಿಂದ:
ನಮಸ್ಕಾರ ಸರ್. ಹೊರಡುವ ಮೊದಲೇ ತಾವು ಇದನ್ನು ಕೇಳಿದ್ದು ಬಹಳ ಒಳ್ಳೆಯದಾಯಿತು. ನಾವು ಕೇಳಿರಲಿಲ್ಲ. ನಮ್ಮ ಏಜೆಂಟರು ಡೈವಿಂಗನ್ನು ಕೊನೆಯ ದಿನಕ್ಕೆ ಇಟ್ಟಿದ್ದರು. ದೋಣಿ ಹತ್ತುವ ಮುನ್ನ ತರಬೇತುದಾರರು ನಮ್ಮ ವಿಮಾನ ಯಾವಾಗ ಎಂದು ವಿಚಾರಿಸಿ, ಮರುದಿನ ಬೆಳಗಿನ ಜಾವ ಎಂದು ತಿಳಿದೊಡನೆ ನಮ್ಮನ್ನು ನೀರಿಗಿಳಿಸಲು ಒಪ್ಪಲಿಲ್ಲ. ಹಣ ಹೋಯಿತು, ಆದರೆ ಅವರು ಮಾಡಿದ್ದೇ ಸರಿ.

ಕಾರಣ ಹೀಗಿದೆ. 10 ಮೀಟರ್ ಆಳದಲ್ಲಿ ಒತ್ತಡವು ದಡದಲ್ಲಿರುವುದರ ಎರಡರಷ್ಟಾಗುತ್ತದೆ ಮತ್ತು ಆ ಒತ್ತಡದಲ್ಲಿ ಉಸಿರಾಡುವಾಗ ಗಾಳಿಯಲ್ಲಿರುವ ನೈಟ್ರೋಜನ್ ಹೆಚ್ಚಾಗಿ ರಕ್ತದಲ್ಲಿ ಕರಗಿ ಸೇರುತ್ತದೆ. ಮೇಲೆ ಬಂದ ನಂತರ ಅದು ನಿಧಾನವಾಗಿ ಉಸಿರಿನ ಮೂಲಕ ಹೊರಹೋಗಬೇಕು. ಅಷ್ಟರೊಳಗೆ ಗಾಳಿಯ ಒತ್ತಡ ಕಡಿಮೆಯಿರುವ ಎತ್ತರಕ್ಕೆ ಏರಿದರೆ, ಗೋಲಿಸೋಡಾದ ಗೋಲಿ ಒತ್ತಿದಾಗ ಗುಳ್ಳೆಗಳು ಏಳುವಂತೆ ಮೈಯೊಳಗೂ ಏಳುತ್ತವೆ. ಅದರಿಂದ ಕೀಲುನೋವು ಬರಬಹುದು, ಕೈಕಾಲಿನ ಸ್ವಾಧೀನ ತಪ್ಪುವವರೆಗೂ ಹೋಗಬಹುದು. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ದಿನ ಹಲವು ಡೈವ್ ಆದರೆ 18 ಗಂಟೆ ವಿಮಾನ ಹತ್ತಬಾರದೆಂಬುದು ಡೈವಿಂಗ್ ಸುರಕ್ಷತೆಯ ಸಂಸ್ಥೆಯಾದ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ಸಲಹೆ. ತಾವು 24 ಗಂಟೆಯೆಂದೇ ಇಟ್ಟುಕೊಳ್ಳಿ.

ವಿಮಾನದ ವಿಚಾರವನ್ನು ಎಲ್ಲರೂ ಹೇಳುತ್ತಾರೆ, ಬೆಟ್ಟದ ವಿಚಾರ ಮರೆತುಹೋಗುತ್ತದೆ. ಸಿನಾಯ್ ಬೆಟ್ಟ 2,285 ಮೀಟರ್, ಅಂದರೆ ನಮ್ಮ ನಂದಿಬೆಟ್ಟಕ್ಕಿಂತ ಸುಮಾರು 800 ಮೀಟರ್ ಎತ್ತರ. ಹಾರುವ ವಿಮಾನದೊಳಗಿನ ಗಾಳಿಯ ಒತ್ತಡವೂ ಹೆಚ್ಚುಕಡಿಮೆ ಅಂಥದೇ ಎತ್ತರದ್ದಾಗಿರುತ್ತದೆ. ಆದ್ದರಿಂದ ಹಗಲು ಡೈವಿಂಗ್ ಮುಗಿಸಿ ಅದೇ ರಾತ್ರಿ ಬೆಟ್ಟಕ್ಕೆ ಹೊರಡುವ ಕಾರ್ಯಕ್ರಮವನ್ನು ಯಾರು ತೋರಿಸಿದರೂ ದಯವಿಟ್ಟು ಒಪ್ಪಬೇಡಿ. ಎರಡನೆಯ ಮತ್ತು ಮೂರನೆಯ ದಿನ ಸಮುದ್ರ, ನಾಲ್ಕನೆಯ ದಿನ ವಿಶ್ರಾಂತಿ, ಐದನೆಯ ರಾತ್ರಿ ಬೆಟ್ಟ ಎಂದಿಟ್ಟುಕೊಂಡರೆ, ಗಾಳಿ ಜೋರಾಗಿ ದೋಣಿ ಹೊರಡದಿದ್ದರೂ ಹೊಂದಿಸಿಕೊಳ್ಳಲು ಒಂದು ದಿನ ಕೈಯಲ್ಲಿರುತ್ತದೆ.

ತುಮಕೂರಿನಿಂದ:
ತಮ್ಮ ಮಗನಿಗೆ 10 ತುಂಬಿರುವುದರಿಂದ ಮೊದಲ ಅನುಭವದ ಡೈವ್‌ಗೆ ವಯಸ್ಸಿನ ಅಡ್ಡಿಯಿಲ್ಲ; ತರಬೇತುದಾರರೊಂದಿಗೆ 12 ಮೀಟರಿನೊಳಗೆ ಇಳಿಸುತ್ತಾರೆ. ಆರೋಗ್ಯದ ಪ್ರಶ್ನಾವಳಿಯಲ್ಲಿ ಉಬ್ಬಸ, ಹೃದಯದ ತೊಂದರೆಗಳಂಥವನ್ನು ಮುಚ್ಚಿಡಬೇಡಿ. ಇದ್ದರೆ ಇಲ್ಲಿಂದಲೇ ವೈದ್ಯರ ಪತ್ರ ಪಡೆದು ಹೋಗಿ. ನೆಗಡಿಯಿದ್ದ ದಿನ ಕಿವಿಯ ಒತ್ತಡ ಸರಿಹೋಗುವುದಿಲ್ಲವಾದ್ದರಿಂದ ಇಳಿಯಲೇಬಾರದು. ಬಾವಿಯಲ್ಲಿ ಈಜು ಕಲಿತ ನನಗೆ ಆ ಉಪ್ಪುನೀರು ಮೈಯನ್ನು ಅಷ್ಟು ಸುಲಭವಾಗಿ ಎತ್ತಿ ಹಿಡಿದದ್ದು ಇಂದಿಗೂ ಬೆರಗು. ಪತ್ನಿಯವರು ಡೈವಿಂಗಿಗೆ ಹಿಂಜರಿದರೆ ಒತ್ತಾಯ ಬೇಡ. 1983ರಲ್ಲಿ ಈಜಿಪ್ಟಿನ ಮೊದಲ ರಾಷ್ಟ್ರೀಯ ಉದ್ಯಾನವಾದ ರಾಸ್ ಮೊಹಮ್ಮದ್‌ನಲ್ಲಿ ಮುಖವಾಡ, ಉಸಿರುಕೊಳವೆ ಮತ್ತು ಲೈಫ್ ಜಾಕೆಟ್ ಹಾಕಿಕೊಂಡು ಮೇಲೆ ತೇಲುತ್ತಲೇ ಹವಳದ ಗೋಡೆಯನ್ನೂ ಮೀನುಗಳ ಹಿಂಡನ್ನೂ ಕಣ್ತುಂಬ ನೋಡಬಹುದು. ಹವಳ ಜೀವಂತ ಪ್ರಾಣಿ, ಮುಟ್ಟಬಾರದು, ಮೇಲೆ ನಿಲ್ಲಬಾರದು ಎಂದು ಮಗನಿಗೆ ಮನೆಯಲ್ಲೇ ಹೇಳಿಕೊಡಿ.

ಕೋಲಾರದಿಂದ:
ಚಿಂತಾಮಣಿಯವರು ಹೇಳಿದ ಕ್ರಮವೇ ಸರಿಯಾದದ್ದು. ಮರುಭೂಮಿಯೆಂದರೆ ಸೆಕೆಯೆಂದು ನಂಬಿ ನಾವು ಒಂದೊಂದೇ ಸ್ವೆಟರ್ ಒಯ್ದು, ಸೂರ್ಯೋದಯಕ್ಕೆ ಕಾಯುತ್ತ ಸಿನಾಯ್ ಬೆಟ್ಟದ ತುದಿಯಲ್ಲಿ ನಡುಗಿದೆವು. ಉಣ್ಣೆಯ ಟೋಪಿ, ಕೈಗವಸು, ಟಾರ್ಚ್ ಬೇಕೇ ಬೇಕು. ಒಂಟೆಯ ಮೇಲೆ ಹೋದರೂ ಕೊನೆಯ ಸುಮಾರು 750 ಕಲ್ಲುಮೆಟ್ಟಿಲುಗಳನ್ನು ಕಾಲ್ನಡಿಗೆಯಲ್ಲೇ ಹತ್ತಬೇಕು. ಇಳಿದ ಮೇಲೆ 6ನೇ ಶತಮಾನದ ಸೇಂಟ್ ಕ್ಯಾಥರೀನ್ ಮಠವಿದೆ. ಬೆಳಗ್ಗೆ ಕೆಲವೇ ಗಂಟೆ ಪ್ರವೇಶವಿರುವುದರಿಂದ, ತಾವು ಹೋಗುವ ದಿನ ಅದು ತೆರೆದಿರುತ್ತದೆಯೇ ಎಂದು ವಿಚಾರಿಸಿಕೊಂಡೇ ಬೆಟ್ಟದ ರಾತ್ರಿಯನ್ನು ನಿಗದಿಮಾಡಿ. ಸಸ್ಯಾಹಾರಿಗಳಾದರೆ ಅನ್ನ, ಮಸೂರ್ ಬೇಳೆ, ಮ್ಯಾಕರೋನಿ ಬೆರೆಸಿ ಹುರಿದ ಈರುಳ್ಳಿ ಹಾಕುವ ಕೊಶರಿ ಅಲ್ಲಿ ಸಿಗುತ್ತದೆ. ನಮ್ಮ ಮನೆಯ ಹಿರಿಯರಿಗೂ ಅದು ಒಗ್ಗಿತು.